ಹೊಳೆ ದಾಟಿ ಬಂದ ಹಿಂಡು

ವಾಚಕ ಮಹಾಶಯರ ಸನ್ನಿಧಾನಕ್ಕೆ, ಊರಿಂದೂರಿಗೆ ತಿರುಗುವ ಒಬ್ಬ ಸಾಣೆಯವನ ಸವಿನಯ ವಿಜ್ಞಾಪನೆ. ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಗೋಣಿತಾಟಿನ ಮೇಲೆ ಹರವಿ ಮಾರುವ, ಮುಖಪುಟ ಹರಿದ ಕಾದಂಬರಿಗಳೇ ನನ್ನ ಗುರುಗಳು. ಕಥೆಯೆಂದ ಮೇಲೆ ಅದರಲ್ಲೊಬ್ಬ ದುಷ್ಟನಿರಬೇಕು, ಕಡೆಯ ಪ್ರಕರಣದಲ್ಲಿ ಅವನಿಗೆ ತಕ್ಕ ಶಾಸ್ತಿಯಾಗಬೇಕು ಎಂಬುದು ಆ ಗುರುಗಳ ಉಪದೇಶ. ನಾನೀಗ ಅರಿಕೆ ಮಾಡುವ ವೃತ್ತಾಂತದಲ್ಲಿ ಅಂಥ ದುಷ್ಟನು ಸಿಕ್ಕನೆಂದು ಒಂದು ಊರು ಒಂದು ಹಗಲು, ಒಂದು ರಾತ್ರಿ ನಂಬಿಕೊಂಡಿತ್ತು. ಆ ನಂಬಿದವರಲ್ಲಿ ನಾನೂ ಒಬ್ಬನಾಗಿದ್ದೆನೆಂದು ಮೊದಲೇ ಒಪ್ಪಿಕೊಂಡುಬಿಡುವುದು ಲೇಸು.

ಅದು ೧೯೪೮ನೆಯ ಇಸವಿ. ದೀಪಾವಳಿಗೆ ಇನ್ನೊಂದು ವಾರವಿತ್ತು. ಭೀಮಾ ಹೊಳೆಯ ಆಚೆಗಿನ ನಿಜಾಮನ ಸೀಮೆಗೆ ನಮ್ಮ ಕಡೆ ಮೊಗಲಾಯಿ ಎನ್ನುತ್ತಾರೆ. ಅಲ್ಲಿ ವರ್ಷವಿಡೀ, ನಿಜಾಮನ ಪರವಾಗಿ ಆಯುಧ ಹಿಡಿದ ರಜಾಕಾರರ ಹಾವಳಿ ನಡೆದು, ಜನ ಗಂಟುಮೂಟೆ ಹೊತ್ತು ಹೊಳೆ ದಾಟಿ ನಮ್ಮ ಕಡೆಗೆ ಬಂದಿದ್ದರು. ಸೆಪ್ಟೆಂಬರಿನಲ್ಲಿ ಸೈನ್ಯ ನುಗ್ಗಿ ಐದೇ ದಿನಗಳಲ್ಲಿ ನಿಜಾಮನ ಆಳಿಕೆ ಮುಗಿಯಿತು. ಆದರೆ ಆಮೇಲೆ ಸೇಡಿನ ಸರದಿ ಬಂದು, ಅದುವರೆಗೆ ಓಡಿಸಿದವರ ಮತದವರು ಓಡತೊಡಗಿದರು. ಅವರಲ್ಲಿ ಒಂದು ಕಡ್ಡಿಯನ್ನೂ ಮುರಿಯದವರೇ ಬಹಳ ಮಂದಿ.

ಬೇರೆ ದೇಶದವರೊಡನೆ ಯುದ್ಧವಾದರೆ ವೈರಿಯ ಉಡುಪು ಬೇರೆ, ಮಾತು ಬೇರೆ. ಒಂದೇ ಸೀಮೆಯವರು ತಮ್ಮತಮ್ಮೊಳಗೆ ಬಡಿದಾಡಿದಾಗ ಹಾಗಲ್ಲ. ಎಲ್ಲರೂ ಅದೇ ಜೋಳದ ರೊಟ್ಟಿ ತಿನ್ನುವವರು, ಅದೇ ಮಾತು ಆಡುವವರು. ಆದ್ದರಿಂದ ಪ್ರತಿಯೊಬ್ಬನನ್ನೂ ಕೇಳಿಯೇ ತಿಳಿಯಬೇಕಾಗುತ್ತದೆ. ನಮ್ಮ ಕಡೆ ಬಾಗಿಲಿಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಅವರು ಕುಡಿದು ಬಾಯಿ ಒರೆಸಿಕೊಂಡ ಮೇಲೆ ‘ಯಾವೂರ್ರಿ?’ ಎಂಬ ವಿಚಾರಣೆ. ಆ ವರ್ಷ ಈ ಕ್ರಮ ತಿರುವುಮುರುವಾಯಿತು. ಮೊದಲು ಹೆಸರು, ಅದು ಒಪ್ಪಿಗೆಯಾದರೆ ನೀರು. ಬಡಿದಾಟ ನಡೆದದ್ದು ಹೊಳೆಯ ಆಚೆ. ಅಲ್ಲಿಂದ ನಾಲ್ಕು ದಿನದ ನಡಿಗೆಯಷ್ಟು ದೂರವಿರುವ ಬಬಲೇಶ್ವರದಲ್ಲಿಯೂ ಬಿಂದಿಗೆಯ ನೀರು ಹೆಸರಿಗಾಗಿ ಕಾಯುತ್ತಿತ್ತು. ನನ್ನ ಕಸಬೂ ಬದಲಾಗಿತ್ತು. ಕುರುಬರ ಉಣ್ಣೆ ಕತ್ತರಿ, ಒಕ್ಕಲಿಗರ ಕುಡುಗೋಲುಗಳಿಗೆ ಸಾಣೆ ಹಿಡಿಯುತ್ತಿದ್ದ ನನ್ನ ಕಲ್ಲಿಗೆ, ಅಟ್ಟದ ಮೇಲೆ ತುಕ್ಕು ತಿನ್ನುತ್ತ ಬಿದ್ದಿದ್ದ ತಲವಾರುಗಳು ಬರತೊಡಗಿದ್ದವು. ಓಣಿಯ ಮಕ್ಕಳು ಚಿಣಿಕೋಲು ಬಿಟ್ಟು ‘ಪಟ್ಟಿ ಓದುವ ಆಟ’ ಆಡುತ್ತಿದ್ದವು. ಒಬ್ಬನು ಹೆಸರು ಓದುವುದು, ಆ ಹೆಸರಿನವನನ್ನು ಉಳಿದವರು ಕಟ್ಟುವುದು.

ಬಬಲೇಶ್ವರದ ಅಗಸಿಬಾಗಿಲ ಹೊರಗಿನ ಬೇವಿನ ಕೆಳಗೆ ನಾನು ಸಾಣೆಯ ಗಾಲಿ ಹೂಡುತ್ತಿದ್ದಾಗ ಪೊಲೀಸರು ಕೊಟ್ಟ ಅಂಥದೇ ಪಟ್ಟಿಯೊಂದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡ ಬಸಗೊಂಡಪ್ಪನವರು ಬಂದರು. ನಲವತ್ತು ದಾಟಿದ ಒಕ್ಕಲುತನದ ಮನುಷ್ಯರು. ಊರಿನ ಗಸ್ತಿ ಪಡೆಗೆ ಅವರೇ ಮುಖ್ಯಸ್ಥರು. ಬೆನ್ನಿಗೆ ಶಂಕ್ರೆಪ್ಪನೆಂಬ ದೊಡ್ಡ ಬಾಯಿಯ ತರುಣನಿದ್ದನು.

“ಹೆಸರ ಹೇಳ್ರಿ ಮೊದಲ,” ಎಂದರು ಬಸಗೊಂಡಪ್ಪನವರು.

ಹೇಳಿದೆ.

“ಚೀಲದಾಗ ಇಷ್ಟ ಚೂರಿ ಯಾಕ ಹೊತ್ತೀರಿ?”

“ನಾ ಸಾಣಿ ಹಿಡಿಯಾವ್ರಿ. ಚೂರಿ ಬಿಟ್ಟು ಹೂವಿನ ಹಾರ ಹೊರಲಿ?”

ಶಂಕ್ರೆಪ್ಪ ನಕ್ಕು, ತನ್ನ ಕೊಡಲಿಯನ್ನು ನನ್ನ ಮುಂದಿಟ್ಟನು. “ಹಂಗಾದ್ರ ಇದಕೊಂದ ಧಾರ ಹಚ್ಚಪಾ. ಒಂದ ಏಟಿಗೆ ಕಲ್ಲೂ ಎರಡಾಗಬೇಕ.”

ನಾನು ಕೊಡಲಿಗೆ ನೀರು ಹನಿಸುವಷ್ಟರಲ್ಲಿ ವಿಜಾಪುರದ ಕಡೆಯಿಂದ ಧೂಳೆದ್ದಿತು. ಕರಿಯ ಕುರಿಗಳ ಹಿಂಡು. ಅದರ ಹಿಂದೆ, ಹೆಗಲ ಮೇಲೊಂದು ಎಳೆಯ ಮರಿಯನ್ನು ಹೊತ್ತ ಮನುಷ್ಯ. ವಯಸ್ಸು ಐವತ್ತರ ಮೇಲೆ. ನರೆತ ಗಡ್ಡ, ಬಣ್ಣ ಕಳೆದ ರುಮಾಲು, ಕಾಲಿಗೆ ಸುತ್ತಿದ ಅರಿವೆಯಲ್ಲಿ ಒಣಗಿದ ರಕ್ತ. ಅವನು ಕೈಯೆತ್ತಿ ನಮಸ್ಕರಿಸಿ, “ಮಮದಾಪುರದ ದಾರಿ ಇದ ಏನ್ರಿ ಯಪ್ಪಾ?” ಎಂದನು.

“ಮೊದಲ ಹೆಸರ ಹೇಳು.”

“ಜಿಲಾನಿ ಅಂತಾರ್ರಿ. ಮೊಗಲಾಯಿಯಿಂದ ಬಂದೀನಿ. ಈ ಕುರಿ ಮಮದಾಪುರದ ಅಮೋಘಿ ಅನ್ನಾವ್ನುವು. ಅವನ ಮನಿಗೆ ಮುಟ್ಟಿಸಬೇಕ್ರಿ.”

ಇದಕ್ಕಿಂತ ಸರಳವಾದ ಉತ್ತರವಿಲ್ಲ. ಆದರೆ ಬಸಗೊಂಡಪ್ಪನವರ ಮುಖ ಬಿಗಿಯಿತು. ಅವರು ಕಿಸೆಯಿಂದ ಪಟ್ಟಿಯನ್ನು ತೆಗೆದು, ಬೆರಳಿಟ್ಟು ಕೆಳಗಿಳಿಯುತ್ತ ಒಂದು ಸಾಲಿನಲ್ಲಿ ನಿಂತರು.

“ಜಿಲಾನಿ. ರಜಾಕಾರ. ಮಮದಾಪುರದ ಅಮೋಘಿಯ ತೊಂಬತ್ತು ಕುರಿ ಲೂಟಿ,” ಎಂದು ಗಟ್ಟಿಯಾಗಿ ಓದಿದರು. “ಇದನ್ನ ಹೇಳಿ ಬರಸಿದಾವ ಬ್ಯಾರೆ ಯಾರೂ ಅಲ್ಲ. ಖುದ್ದ ಅಮೋಘಿ.”

ಜಿಲಾನಿಗೆ ಅರ್ಥವಾದಂತೆ ಕಾಣಲಿಲ್ಲ. “ಅಮೋಘಿ? ನಮ್ಮ ಅಮೋಘಿ?” ಎಂದನು. ಅಷ್ಟರಲ್ಲಿ ಶಂಕ್ರೆಪ್ಪ ಅವನ ಕಪಾಳಕ್ಕೆ ಹೊಡೆದಿದ್ದನು. ಹೆಗಲ ಮೇಲಿನ ಮರಿ ಧೂಳಿಗೆ ಬಿತ್ತು. ಜನ ಕೂಡಿದರು. ಯಾರೋ ಹಗ್ಗ ತಂದರು.

“ಬಡೀಬ್ಯಾಡ್ರಿ!” ಎಂದು ಬಸಗೊಂಡಪ್ಪನವರು ಅಡ್ಡ ಬಂದರು. “ಪೊಲೀಸ ಲಾರಿ ನಾಳಿ ಮಧ್ಯಾಹ್ನ ಇದ ದಾರೀಲೆ ಬರತೈತಿ. ಒಪ್ಪಿಸಿ ಕೈ ತೊಳಕೊಳ್ಳೋಣು. ನಮ್ಮ ಊರಾಗ ಹೆಣ ಬೀಳೂದು ಬ್ಯಾಡ.”

ಜಿಲಾನಿಯನ್ನು ಚಾವಡಿಯ ಕಂಬಕ್ಕೆ ಕಟ್ಟಿದರು. ಹಿಂಡನ್ನು ಬಿಡಾಡಿ ದನ ಕೂಡಿಹಾಕುವ ಕೊಂಡವಾಡಕ್ಕೆ ಹೊಡೆದರು. ಪಟ್ಟಿಯಲ್ಲಿ ಹೆಸರಿದ್ದವನು ಆ ಲಾರಿ ಹತ್ತಿದನೆಂದರೆ ಜೈಲು ಖಂಡಿತ. ದಾರಿಯಲ್ಲಿ ಯಾವುದಾದರೂ ಊರಿನವರು ಅಡ್ಡಗಟ್ಟಿದರೆ ಜೈಲೂ ಇಲ್ಲ. ಇದು ಅಲ್ಲಿ ನೆರೆದ ಎಲ್ಲರಿಗೂ ಗೊತ್ತಿತ್ತು. ನನಗೆ ಮರುಕವಾಗಲಿಲ್ಲವೆಂದು ನಿಜವನ್ನೇ ಬರೆಯುತ್ತೇನೆ. ಕಳ್ಳನು ಕದ್ದ ಮಾಲಿನೊಂದಿಗೆ, ತನ್ನ ಬಾಯಿಂದಲೇ ಮಾಲಿಕನ ಹೆಸರು ಹೇಳಿ ಸಿಕ್ಕಿಬಿದ್ದದ್ದು ನನಗೆ ಕಾದಂಬರಿಯ ಸುಖವನ್ನೇ ಕೊಟ್ಟಿತು.

ಆ ಸುಖವನ್ನು ಕೆಡಿಸಿದ್ದು ಒಂದು ಚಾಕು. ಜಿಲಾನಿಯ ಸೊಂಟದಲ್ಲಿ ಸಿಕ್ಕ ಆ ಚಾಕುವನ್ನು ಬಸಗೊಂಡಪ್ಪನವರು ನನ್ನ ಕೈಗಿತ್ತು, “ನೋಡ್ರಿ, ನೀವು ತಿಳಿದವರು. ಇದರಲೆ ಎಷ್ಟ ಮಂದಿ ಸತ್ತಿರಬೇಕ?” ಎಂದು ಕೇಳಿದರು. ನಾನು ಅದನ್ನು ಬೆಳಕಿಗೆ ಹಿಡಿದೆ. ನಡುವಿನ ಅಲಗಿಗೆ ಧಾರೆಯೇ ಇರಲಿಲ್ಲ. ತುದಿಯ ಅರ್ಧ ಬೆರಳಿನಷ್ಟು ಮಾತ್ರ ಹರಿತ, ಅದೂ ನದಿಯ ಕಲ್ಲಿಗೆ ಒರಟೊರಟಾಗಿ ಉಜ್ಜಿದ್ದು. ಸಣ್ಣ, ಮೆತ್ತನೆಯ ಏನನ್ನೋ ಮೇಲಿಂದ ಮೇಲೆ ಕೊಯ್ದ ಚಾಕು.

“ಇದರಲೆ ಮನಶ್ಯಾ ಸಾಯೂದಿಲ್ರಿ. ಬದನಿಕಾಯೂ ನೆಟ್ಟಗ ಸೀಳೂದಿಲ್ಲ,” ಎಂದೆ.

ಕಂಬದ ಕಡೆಯಿಂದ ಜಿಲಾನಿ ನನ್ನನ್ನು ನೋಡಿದನು. ತನ್ನನ್ನು ಬಿಡಿಸೆಂದು ಅವನು ಕೇಳಲಿಲ್ಲ. “ಅಣ್ಣಾ, ಮರಿ ಒದರಾಕತ್ತಾವ. ತಾಯಿ ಕೂಡ ಬಿಡಾಕ ಹೇಳ್ರಿ,” ಎಂದನು. ಮತ್ತೆ, “ಅಮೋಘಿ ಬದುಕ್ಯಾನ್ರಿ?” ಎಂದನು.

ಅಮೋಘಿ ಬದುಕಿರುವುದನ್ನು ನಾನು ಬಲ್ಲೆ. ಮೂರು ದಿನದ ಹಿಂದೆ ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ, ಗೂಡ್ಸ್ ಶೆಡ್ಡಿನ ಎದುರು ನಾನು ಗಾಲಿ ಹೂಡಿದ್ದಾಗ, ಶೇಂಗಾ ಚೀಲ ಹೊರುವ ಹಮಾಲನೊಬ್ಬ ಪಕ್ಕದಲ್ಲಿ ಕುಳಿತು ಬೀಡಿ ಹಚ್ಚಿದ್ದನು. ಮಮದಾಪುರದ ಕುರುಬ ಅಮೋಘಿಯೆಂದೂ, ಹೊಳೆಯಾಚೆ ತೊಂಬತ್ತು ಕುರಿ ಕಳೆದುಕೊಂಡೆನೆಂದೂ ಹೇಳಿಕೊಂಡಿದ್ದನು. “ಕುರಿ ಇಲ್ಲದ ಕುರುಬಗ ಊರಾಗ ಏನ ಕೆಲಸ?” ಎಂದಿದ್ದನು.

“ಬದುಕ್ಯಾನ,” ಎಂದೆ. “ಗಟ್ಟಿಮುಟ್ಟ ಅದಾನ.”

ಜಿಲಾನಿ ಕಣ್ಣು ಮುಚ್ಚಿ, ಹಗ್ಗದಲ್ಲಿಯೇ ಜೋತುಬಿದ್ದನು. ಹೆದರಿಕೆಯಿಂದಲ್ಲ; ಹೊರೆಯನ್ನು ಇಳಿಸಿದವನ ರೀತಿಯಲ್ಲಿ. ಕದ್ದವನು ಕಳೆದುಕೊಂಡವನ ಪ್ರಾಣಕ್ಕಾಗಿ ಹೀಗೆ ನಿಟ್ಟುಸಿರು ಬಿಡುವುದನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ಬಸಗೊಂಡಪ್ಪನವರಿಗೆ, “ಅಮೋಘೀನ ಕರಕೊಂಡ ಬರತೀನ್ರಿ. ಅವನ ಎದುರಿಗೆ ಒಪ್ಪಸ್ರಿ,” ಎಂದು ಹೇಳಿ, ಗಾಲಿಯನ್ನು ಬೇವಿನ ಕೆಳಗೇ ಬಿಟ್ಟು, ವಿಜಾಪುರಕ್ಕೆ ಹೋಗುವ ಮಧ್ಯಾಹ್ನದ ಮೋಟಾರು ಹತ್ತಿದೆ.

ಗೂಡ್ಸ್ ಶೆಡ್ಡಿನ ಬಾಗಿಲಲ್ಲಿ ಅಮೋಘಿ ಚೀಲ ಇಳಿಸುತ್ತಿದ್ದನು. ಮೂವತ್ತರ ಪ್ರಾಯ, ತೋಳು ಬಲವಾಗಿದ್ದರೂ ಹಮಾಲಿಗೆ ಹೊಸಬನೆಂದು ಹೆಜ್ಜೆಯಲ್ಲಿಯೇ ತಿಳಿಯುತ್ತಿತ್ತು.

“ನಿನ್ನ ಕುರಿ ಬಂದಾವ,” ಎಂದೆ.

ಚೀಲ ಅವನ ಬೆನ್ನಿನಿಂದ ಜಾರಿ ನೆಲಕ್ಕೆ ಬಿತ್ತು. “ಏನಂದ್ರಿ? ಎಲ್ಲಿ? ಎಷ್ಟ?”

“ಬಬಲೇಶ್ವರದ ಕೊಂಡವಾಡದಾಗ ಅದಾವ. ತಂದಾವನ್ನ ಚಾವಡಿ ಕಂಬಕ್ಕ ಕಟ್ಯಾರ.”

“ಯಾರ್ರಿ ತಂದಾವ?”

“ಜಿಲಾನಿ.”

ಅವನ ಮುಖದಲ್ಲಿ ಅರಳಿದ್ದ ಸಂತೋಷ ನಾನು ನೋಡುತ್ತಿದ್ದಂತೆಯೇ ಇಳಿದುಹೋಯಿತು. ಬಿದ್ದ ಚೀಲದ ಮೇಲೆಯೇ ಕುಳಿತುಕೊಂಡನು. ಆಮೇಲೆ ಒಂದೇ ಉಸಿರಿಗೆ ಹೇಳಿದನು. ಜಿಲಾನಿ ಹೊಳೆಯಾಚೆಯ ಒಕ್ಕಲಿಗ. ಅಮೋಘಿಯ ತಂದೆಯ ಕಾಲದಿಂದಲೂ ಬೇಸಗೆಯಲ್ಲಿ ಇವರ ಹಿಂಡು ಅವನ ಹೊಲದಲ್ಲಿ ತಂಗುತ್ತಿತ್ತು. ಹೊಲಕ್ಕೆ ಗೊಬ್ಬರ, ಇವರಿಗೆ ಜೋಳ. ಈ ವರ್ಷ ಕಾರಹುಣ್ಣಿಮೆಯ ಹೊತ್ತಿಗೆ ರಜಾಕಾರರು ಆ ಊರಿಗೆ ಬಂದು, ಆಚೆ ಸೀಮೆಯ ಕುರುಬ ಗುಪ್ತಚರನೆಂದು ಹುಡುಕತೊಡಗಿದಾಗ, ಹಿಂಡನ್ನು ಜಿಲಾನಿಯ ವಶಕ್ಕೆ ಬಿಟ್ಟು ಅಮೋಘಿ ಹೊಸ ನೀರು ಬಂದಿದ್ದ ಹೊಳೆಯನ್ನು ಈಜಿ ದಾಟಿದ್ದನು.

“ಮತ್ತ ಅವನ ಹೆಸರ ಪಟ್ಟಿಯಾಗ ಹೆಂಗ ಬಂತು?”

“ಇಲ್ಲಿ ಪರಿಹಾರ ಕೊಡೂ ಸಮಿತಿಗೆ ಹೋಗಿದ್ನಿರಿ. ‘ಯಾರು ಲೂಟಿ ಮಾಡಿದರು’ ಅನ್ನೂ ಕಲಮು ಖಾಲಿ ಬಿಟ್ಟರ ಅರ್ಜಿ ನಡಿಯೂದಿಲ್ಲ ಅಂದ್ರು. ಹೊಳಿಯಾಚೆ ನನಗ ಗೊತ್ತಿದ್ದ ಹೆಸರ ಒಂದ. ಜಿಲಾನಿ ಕಾಕಾಂದು.” ಅವನು ನೆಲವನ್ನು ನೋಡುತ್ತಿದ್ದನು. “ರಜಾಕಾರ ಅಂತ ನಾ ಅಂದಿಲ್ರಿ. ಬರಕೊಳ್ಳಾವ ತಾನ ಬರಕೊಂಡ, ಪೊಲೀಸರ ಪಟ್ಟಿಗೂ ಕಳಿಸಿದ.”

“ನೀ ಬ್ಯಾಡ ಅನಲಿಲ್ಲ?”

“ಇಲ್ಲ... ಎರಡ ಚಾದರ ಕೊಟ್ಟರು. ಒಂದ ಚೀಲ ಜೋಳ ಕೊಟ್ಟರು. ಆಮ್ಯಾಲೆ ಕೇಳಿದಾವರಿಗೆಲ್ಲಾ ಹಂಗ ಹೇಳಕೋತ ಬಂದೆ. ಹೇಳತಾ ಹೇಳತಾ ನನಗೂ ಖರೇ ಅನಸಾಕತ್ತು. ಒಬ್ಬನ ಕುಂತಾಗ ಅವನ ಮ್ಯಾಲೆ ಸಿಟ್ಟೂ ಬರತಿತ್ರಿ.”

“ನಾಳಿ ಮಧ್ಯಾಹ್ನ ಲಾರಿ ಬರತೈತಿ. ಮುಂಜಾನಿ ಮೊದಲನೇ ಮೋಟಾರಿಗೆ ನಾ ಹೋಗತೀನಿ. ನೀ ಬಂದ್ರ ಒಂದ ಜೀವ ಉಳಿತೈತಿ.”

“ಸುಳ್ಳ ಬರಸೀದಿ ಅಂತ ನನ್ನನ್ನ ಒಳಗ ಹಾಕಿದ್ರ?”

ಅವನು ಚೀಲವನ್ನು ಬೆನ್ನಿಗೇರಿಸಿ ಒಳಗೆ ಹೋದನು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಮರುದಿನ ಮುಂಜಾನೆ ಮೋಟಾರಿನ ಅಡ್ಡೆಯಲ್ಲಿ ಅಮೋಘಿ ಇರಲಿಲ್ಲ. ಡ್ರೈವರನನ್ನು ಮಾತಿಗೆಳೆದು ಒಂದಿಷ್ಟು ತಡಮಾಡಿಸಿದೆ. ಜನ ಗದ್ದಲ ಮಾಡಿದರು, ಮೋಟಾರು ಹೊರಟಿತು. ಬಬಲೇಶ್ವರಕ್ಕೆ ಬರಿಗೈಯಲ್ಲಿ ಹೋಗಿ ಕಂಬದ ಮುಂದೆ ಏನೆಂದು ನಿಲ್ಲಲಿ ಎಂದು ಚಿಂತಿಸುತ್ತ ಕುಳಿತೆ. ಊರು ಮುಗಿದು ಜೋಳದ ಹೊಲಗಳು ಶುರುವಾಗುವಲ್ಲಿ, ರಸ್ತೆಯ ನಡುವೆಯೇ ಒಬ್ಬನು ಕೈಯೆತ್ತಿ ನಿಂತಿದ್ದನು. ಕಂಕುಳಲ್ಲಿ ಮಡಿಚಿದ ಎರಡು ಚಾದರಗಳಿದ್ದವು.

“ಅಡ್ಡ್ಯಾಗ ನಿಂತ್ರ ಹಮಾಲರು ಕೇಳತಾರ್ರಿ, ಎಲ್ಲಿಗೆ ಹೊಂಟಿ ಅಂತ,” ಎಂದನು ಅಮೋಘಿ, ನನ್ನ ಪಕ್ಕದಲ್ಲಿ ಕೂಡುತ್ತ. “ಏನಂತ ಹೇಳ್ಲಿ? ಅದಕ್ಕ ನಡಕೊಂಡ ಮುಂದ ಬಂದೆ.”

ಬಬಲೇಶ್ವರ ಮುಟ್ಟುವವರೆಗೂ ಅವನು ಆ ಚಾದರಗಳನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಕೊಂಡವಾಡದ ಸುತ್ತ ಜಾತ್ರೆಯಷ್ಟು ಜನ. ಒಳಗಿನಿಂದ ಹೆಣ್ಣಿನ ಗಟ್ಟಿ ದನಿ ಕೇಳುತ್ತಿತ್ತು. ಕುರಿಗಳು ಬಂದ ಸುದ್ದಿ ತಿಳಿದು, ಅಮೋಘಿಯ ತಾಯಿ ಹುಚ್ಚವ್ವ ಮಮದಾಪುರದಿಂದ ಬೆಳಕು ಹರಿಯುವ ಮುನ್ನವೇ ಹೊರಟು ನಡೆದು ಬಂದಿದ್ದಳು. ಅರವತ್ತರ ಮುದುಕಿ. ಎರಡು ಮೊಳಕಾಲುಗಳ ನಡುವೆ ಮರಿಯೊಂದನ್ನು ಹಿಡಿದು, ಅದರ ಜೋಲುಗಿವಿಯನ್ನು ಅಂಗೈಯ ಮೇಲೆ ಹರವಿಕೊಂಡಿದ್ದಳು. ಜನರನ್ನು ಕಂಡು ಅಮೋಘಿಯ ಧೈರ್ಯ ಕುಂದಿತು. ಅವನು ಹಿಂದೆಯೇ, ಒಂದು ಬಂಡಿಯ ಮರೆಯಲ್ಲಿ ನಿಂತುಬಿಟ್ಟನು.

“ಯಪ್ಪಾ ಬಸಗೊಂಡಪ್ಪಾ, ಇಲ್ಲಿ ಬಾ. ಕಣ್ಣ ಅದಾವಿಲ್ಲೋ ನಿನಗ? ಇದನ್ನ ನೋಡು,” ಎನ್ನುತ್ತಿದ್ದಳು ಹುಚ್ಚವ್ವ. “ನಮ್ಮ ಮನಿ ಗುರುತ ಏನಂದ್ರ, ಎಡಗಿವಿ ತುದಿ ನೆಟ್ಟಗ ಕೊಯ್ದಿರತೈತಿ, ಬಲಗಿವಿ ಕೆಳಗ ಎರಡ ಕಚ್ಚ ಇರತಾವ. ದೊಡ್ಡ ಕುರಿಗೆಲ್ಲಾ ಐತಿ. ಅವು ನಮ್ಮುವು.”

“ನಮ್ಮುವು ಅಂತ ನಾವೂ ಅಂತೀವಿ ಯವ್ವಾ. ಅದಕ್ಕ ಕಳ್ಳನ್ನ ಕಟ್ಟೀವಿ.”

“ತಡಿ, ಮುಗಸಾಕ ಬಿಡು. ಈ ಮರಿ ಯಾವಾಗ ಹುಟ್ಟೈತಿ? ನನ್ನ ಮಗ ಹೊಳಿ ಜಿಗದ ಓಡಿ ಬಂದ ಮ್ಯಾಲೆ. ಇದರ ಕಿವಿ ನೋಡು. ಎಡಗಿವಿ ತುದಿ ಇಲ್ಲ. ಬಲಗಿವಿಗೆ ಎರಡ ಕಚ್ಚ. ಇಪ್ಪತ್ತಮೂರ ಮರಿ ನೋಡೀನಿ, ಇಪ್ಪತ್ತಮೂರಕ್ಕೂ ನಮ್ಮ ಗುರುತ! ಕದ್ದಾವ ಮರಿ ಕಿವಿಗೆ ಕಳಕೊಂಡಾವ್ನ ಗುರುತ ಯಾಕ ಹಾಕತಾನೋ?”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಂಕ್ರೆಪ್ಪ ಮಾತ್ರ ಸುಮ್ಮನಾಗಲಿಲ್ಲ. “ಎಲ್ಲಾ ಒಂದ ಗುರುತ ಇದ್ರ ತನ್ನ ಹಿಂಡ ಅಂತ ಸಂತ್ಯಾಗ ಮಾರಬಹುದಂತ ಹಾಕಿರಬೇಕ.”

“ನೀ ಎಷ್ಟ ಕುರಿ ಕಾಯ್ದೀಯೋ, ಶಾಣ್ಯಾ?” ಎಂದು ಹುಚ್ಚವ್ವ ಅವನ ಕಡೆ ತಿರುಗಿದಳು. “ಕಳ್ಳ ಮೊದಲ ಮಾಡೂದು ಕಿವಿ ಕೊಯ್ಯೂದು. ಹಳೀ ಗುರುತ ಹೋಗೂವಂಗ ಬುಡಕ್ಕ ಕೊಯ್ತಾನ. ಕದ್ದ ಕುರಿಗೆ ಕಿವೀನ ಇರೂದಿಲ್ಲ, ನಿನಗ ಬುದ್ಧಿ ಇಲ್ಲದಂಗ. ಇಲ್ಲಿ ಒಂದಕಾದ್ರೂ ಕಿವಿ ಮೊಂಡ ಆಗೈತೇನು, ತೋರಸು!”

ನಗೆಯ ಅಲೆಯೊಂದು ಎದ್ದಿತು. ನಾನು ಮುಂದೆ ಹೋಗಿ ಆ ಚಾಕುವನ್ನು ಅವಳ ಕೈಗಿತ್ತೆ. ಅವಳು ಅದರ ತುದಿಯನ್ನು ಮರಿಯ ಕಿವಿಯ ಕಚ್ಚಿಗೆ ಹೊಂದಿಸಿ ನೋಡಿ, ಮೂಗು ಮುರಿದಳು. “ಇದರಲೇನ? ಅದಕ್ಕ ಹಿಂಗ ಹರಕೊಂಡೈತಿ. ಕುರುಬರ ಕೈಯಲ್ಲ ಇದು. ಕೆಳಗಿನ ಕಚ್ಚ ಮ್ಯಾಲಿನಕಿಂತ ದೊಡ್ಡದ ಮಾಡ್ಯಾನ, ಗಂವಾರ. ಆದ್ರ ಗುರುತ ನಮ್ಮದ.”

ಬಸಗೊಂಡಪ್ಪನವರು ಜಿಲಾನಿಯನ್ನು ಹಗ್ಗದೊಂದಿಗೆ ಅಲ್ಲಿಗೇ ಕರೆಸಿದರು. “ಯಾಕ ಹಾಕಿದಿ ಅವರ ಗುರುತ?”

“ನನಗ ನಂದಂತ ಗುರುತ ಎಲ್ಲೈತ್ರಿ?” ಎಂದನು ಜಿಲಾನಿ. “ನಾ ಹೊಲಾ ಮಾಡಾವ. ಮರಿ ಹುಟ್ಟಿದ್ರ ಕಿವಿ ಕೊಯ್ಯಬೇಕಂತ ಗೊತ್ತಿತ್ತು. ಹೆಂಗಂತ ಗೊತ್ತಿದ್ದಿಲ್ಲ. ತಾಯಿ ಕಿವಿ ನೋಡಿ ಮರಿ ಕಿವಿ ಕೊಯ್ದೆ.”

“ಪರರ ಹಿಂಡ ಕಾಯ್ದಾವಗ ಹುಟ್ಟಿದ ಮರ್‍ಯಾಗ ಅರ್ಧಾ ಪಾಲ ಬರತೈತಿ,” ಎಂದಳು ಹುಚ್ಚವ್ವ, ಈ ಸಲ ದನಿ ತಗ್ಗಿಸಿ. “ಅದು ನಮ್ಮ ಮಂದಿ ನಡಾವಳಿ. ಅದನ್ನೂ ತಗೊಂಡಿಲ್ಲ ಇವ. ಬಿಚ್ಚರೆಪಾ ಹಗ್ಗ.”

ಆದರೆ ಹಗ್ಗ ಬಿಚ್ಚಲು ಯಾರೂ ಮುಂದೆ ಬರಲಿಲ್ಲ. ಬಸಗೊಂಡಪ್ಪನವರು ಕಿಸೆಯ ಮೇಲೆ ಕೈಯಿಟ್ಟುಕೊಂಡು ತೊಳಲಾಡುತ್ತಿದ್ದರು. “ನೀ ಅಂದದ್ದೆಲ್ಲಾ ನನಗ ತಿಳೀತ ಯವ್ವಾ. ಆದ್ರ ಈ ಪಟ್ಟಿ? ಇದನ್ನ ನಾ ಬರದಿಲ್ಲ. ನಿನ್ನ ಮಗನ ಬರಸ್ಯಾನ. ಕುರಿ ಕಿವೀಗಿಂತ ಸರಕಾರದ ಕಾಗದ ದೊಡ್ಡದು. ಲಾರಿ ಬಂದಾಗ ಬಿಟ್ಟ ಕೊಟ್ಟೀನಿ ಅಂದ್ರ ನಾಳಿ ನನ್ನ ಹೆಸರೂ ಇದರಾಗ ಬರತೈತಿ.”

ಅವರು ಹೇಳಿದ್ದು ಸುಳ್ಳಲ್ಲ. ಸತ್ಯವು ಮರಿಯ ಕಿವಿಯ ಮೇಲೆ ಅಷ್ಟು ನಿಚ್ಚಳವಾಗಿ ಕೊರೆದಿದ್ದರೂ ಊರಿನ ಕೈಗಳೆಲ್ಲ ಒಂದು ಕಾಗದದಿಂದ ಕಟ್ಟಿಹೋಗಿದ್ದವು. ಅದನ್ನು ಬಿಚ್ಚಬಲ್ಲವನು ಒಬ್ಬನೇ. ನಾನು ಬಂಡಿಯ ಕಡೆಗೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

ಅಮೋಘಿ ಇನ್ನೊಂದು ಬದಿಯಿಂದ ಜನರ ನಡುವೆ ನುಸುಳಿ ಆಗಲೇ ಮುಂದಕ್ಕೆ ಬಂದಿದ್ದನು. ಎರಡೂ ಚಾದರಗಳನ್ನು ಬಸಗೊಂಡಪ್ಪನವರ ಪಾದದ ಹತ್ತಿರ ಇಟ್ಟನು.

“ನಾ ಸುಳ್ಳ ಬರಸೀನ್ರಿ. ಕಾಕಾ ಲೂಟಿ ಮಾಡಿಲ್ಲ. ನಾನ ಅವನ ಕೈಯಾಗ ಕೊಟ್ಟ ಬಂದಿದ್ದೆ.”

ಹುಚ್ಚವ್ವನ ಕೈಯ ಕೋಲು ಮಗನ ಬೆನ್ನಿನ ಮೇಲೆ ಬಿತ್ತು.

“ಲೇ ಖೋಡಿ! ನಿಮ್ಮಪ್ಪ ಉಂಡ ಮನೀ ಹೆಸರ ಬರಸೀದಿ? ನಿನ್ನ ಕಿವಿ ಕೊಯ್ಯಬೇಕಲೇ ಮೊದಲ!”

“ಹೊಡಿಬ್ಯಾಡ ಬೇ ಅಕ್ಕಾ,” ಎಂದನು ಜಿಲಾನಿ. ಆದರೆ ಅವನೂ ಅಮೋಘಿಯನ್ನು ಪ್ರೀತಿಯಿಂದ ನೋಡುತ್ತಿರಲಿಲ್ಲ. “ಎರಡ ಚಾದರಕ್ಕೇನೋ ಅಮೋಘಿ?”

ಅಮೋಘಿ ತಲೆಯೆತ್ತಲಿಲ್ಲ. “ಒಂದ ಚೀಲ ಜೋಳಾನೂ ಕೊಟ್ಟಾರ ಕಾಕಾ,” ಎಂದನು.

ಜನ ಗೊಳ್ಳೆಂದು ನಕ್ಕರು. ಜಿಲಾನಿಯೂ ನಗೆಯನ್ನು ತಡೆಯಲಾರದೆ ಹೋದನು. ನಗುತ್ತ ನಗುತ್ತಲೇ ಅವನ ಕಣ್ಣಲ್ಲಿ ನೀರು ಬಂದಿತು. ಕೈ ಕಟ್ಟಿದ್ದರಿಂದ ಒರೆಸಿಕೊಳ್ಳಲಾಗದೆ ಭುಜಕ್ಕೆ ಮುಖ ಉಜ್ಜಿದನು.

“ನಾ ಮಾಡಿದ್ದೂ ಕೇಳ್ರಿ ಹಂಗಾದ್ರ,” ಎಂದನು. “ನೀ ಹೋದ ಮ್ಯಾಲೆ ರಜಾಕಾರರು ಬಂದು ಕುರಿ ಯಾರುವು ಅಂತ ಕೇಳಿದ್ರು. ನನ್ನುವು ಅಂದೆ. ಆ ಕುರುಬ ಎಲ್ಲಿ ಅಂದ್ರು. ಹೊಳ್ಯಾಗ ಮುಳಗಿ ಸತ್ತ, ಹೆಣ ನಾನ ಕಂಡೀನಿ ಅಂದೆ. ಹಂಗ ಅನದಿದ್ರ ಕುರಿ ಉಳಿತಿದ್ದಿಲ್ಲ. ನಾಕ ತಿಂಗಳ ಊರಿಗೆಲ್ಲಾ ಅದನ್ನ ಹೇಳೀನಿ. ಹೇಳತಾ ಹೇಳತಾ ನನ್ನ ಕಣ್ಣ ಮುಂದ ನಿನ್ನ ಹೆಣಾ ತೇಲಾಕ ಹತ್ತಿತ್ತು. ನನ್ನ ಹೇಣ್ತಿ ಪೀರಾಂಬಿ ಅಂತೂ ದಿನಾ ಅಳಾಕಿ, ಖರೇನ ಸತ್ತಿಯಂತ.” ಅವನು ದೀರ್ಘವಾಗಿ ಉಸಿರೆಳೆದನು. “ನೀ ನನ್ನ ಕಳ್ಳನ್ನ ಮಾಡಿದಿ. ನಾ ನಿನ್ನ ಕೊಂದ ಹಾಕಿದ್ದೆ. ನಂದ ಜಾಸ್ತಿ ಆತಲ್ಲೋ.”

ಬಸಗೊಂಡಪ್ಪನವರು ತಾವೇ ಬಾಗಿ ಹಗ್ಗ ಬಿಚ್ಚಿದರು. ಗಂಟು ಬಿಗಿದಿತ್ತು, ನಾನು ಕುಡುಗೋಲಿನಿಂದ ಕೊಯ್ಯಲು ಹೋದರೆ ಬೇಡವೆಂದು ಉಗುರಿನಿಂದಲೇ ಬಿಡಿಸಿದರು. ಜಿಲಾನಿಯ ಮಣಿಕಟ್ಟಿನ ಮೇಲಿನ ಕೆಂಪು ಬರೆಗಳನ್ನು ನೋಡಿ, ಶಂಕ್ರೆಪ್ಪನ ಮೇಲೆ ರೇಗಿದರು. “ನಿಂತ ಏನ ನೋಡತೀ? ಮನಿಗೆ ಹೋಗಿ ರೊಟ್ಟಿ ಪಲ್ಲೆ ತಗೊಂಡ ಬಾ. ಮೊಸರ ಇದ್ರ ಅದನ್ನೂ ತಾ!”

ಶಂಕ್ರೆಪ್ಪ ಓಡಿದನು. ಅವನು ತಂದ ರೊಟ್ಟಿಗಳು ಆರು ಜನಕ್ಕೆ ಸಾಕಾಗುವಷ್ಟಿದ್ದವು. ಜಿಲಾನಿಯ ಮುಂದೆ ತಟ್ಟೆಯಿಟ್ಟು ದೂರ ಸರಿಯದೆ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, “ಬಾಳ ಜೋರ ಬಿತ್ತೇನ್ರಿ ನಿನ್ನಿ?” ಎಂದು ಮೆಲ್ಲಗೆ ಕೇಳಿದನು.

“ಒಂದ ಹಲ್ಲ ಅಳಗ್ಯಾಡತಿತ್ತು. ಅದು ಬಿತ್ತು,” ಎಂದನು ಜಿಲಾನಿ, ರೊಟ್ಟಿ ಮುರಿಯುತ್ತ. “ಕೀಳಸಬೇಕಂತ ಮಾಡಿದ್ದೆ.”

ಮಧ್ಯಾಹ್ನದ ಲಾರಿ ಬಂದಿತು. ಇಳಿದ ಹವಾಲ್ದಾರನು ನಿದ್ದೆಗೆಟ್ಟ, ಧೂಳು ಮೆತ್ತಿದ ಮನುಷ್ಯ. ಎಲ್ಲರೂ ಒಮ್ಮೆಗೇ ಮಾತನಾಡಿದರು. ಅವನು ಕೈಯೆತ್ತಿ ಸುಮ್ಮನಾಗಿಸಿ, ಮೊದಲು ಅಮೋಘಿಯ ಮಾತನ್ನು, ಆಮೇಲೆ ಬಸಗೊಂಡಪ್ಪನವರ ಮಾತನ್ನು ಕೇಳಿದನು. ಹುಚ್ಚವ್ವ ಒಂದು ಮರಿಯನ್ನು ಎತ್ತಿ ತಂದು ಅವನ ಮೂಗಿನ ತನಕ ಹಿಡಿದಳು.

“ತಗೀ ಆಕಡೆ, ಯವ್ವಾ. ಕಿವಿ ಕಂಡಿತು,” ಎಂದು ಹವಾಲ್ದಾರ ಹಿಂದೆ ಸರಿದನು. ಅಮೋಘಿಯ ಹೇಳಿಕೆಯನ್ನು ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿ, ತನ್ನ ಪಟ್ಟಿ ತೆಗೆದು ಪೆನ್ಸಿಲಿನಿಂದ ಒಂದು ಸಾಲನ್ನು ಹೊಡೆದುಹಾಕಿದನು. “ಇವತ್ತ ಹದಿನಾಲ್ಕ ಹೆಸರ ಇದ್ದುವು. ಒಂದ ಕಮ್ಮಿ ಆತು. ಎಲ್ಲಾ ಊರಾಗೂ ಹಿಂಗ ಒಂದೊಂದ ಮುದಕಿ ಇದ್ರ ನಾ ಮನಿಗೆ ಹೋಗಿ ಮಕ್ಕೊಂತಿದ್ದೆ.”

“ಮತ್ತ ನನ್ನನ್ನ...” ಎಂದು ಅಮೋಘಿ ತಡವರಿಸಿದನು.

“ನಿನ್ನನ್ನ ತಗೊಂಡ ನಾ ಏನ ಮಾಡ್ಲಿ? ಸಮಿತಿಗೆ ಹೋಗಿ ಚಾದರ ಕೊಟ್ಟ ಬಾ. ಜೋಳ ತಿಂದೀದಿ, ಅದಕ್ಕ ಅವರು ಏನಂತಾರೋ ಕೇಳು.”

ಲಾರಿ ಧೂಳೆಬ್ಬಿಸಿ ಹೋಯಿತು. ಅದರ ಸದ್ದು ಅಡಗಿದ ಮೇಲೆ ಊರಿನ ಎದೆಯ ಮೇಲಿಂದ ಒಂದು ಭಾರವಾದ ಕಲ್ಲು ಇಳಿದಂತಾಯಿತೆಂದರೆ ಅತಿಶಯೋಕ್ತಿಯಲ್ಲ. ಹೆಂಗಸರು ಮಾತನಾಡಿಕೊಳ್ಳುತ್ತ ಮನೆಗಳಿಗೆ ತಿರುಗಿದರು. ಬಸಗೊಂಡಪ್ಪನವರು ಚಾವಡಿಯ ಕಟ್ಟೆಯ ಮೇಲೆ ಕುಳಿತು, ಯಾರೊಡನೆಯೂ ಅಲ್ಲದೆ ತಮಗೆ ತಾವೇ ಎಂಬಂತೆ, “ನಾ ಅವನ್ನ ಕೇಳಿದೆ, ಅವ ಖರೇ ಹೇಳಿದ. ಖರೇ ಹೇಳಿದ್ದಕ್ಕ ಕಟ್ಟಿದೆ ನೋಡ್ರಿ,” ಎಂದರು. ಹೊಳೆಯಾಚೆಯ ಬಡಿದಾಟ ನಮಗೆ ಕಲಿಸಿದ ವಿದ್ಯೆ ಇದೇ ಎಂದು ನನಗನ್ನಿಸಿತು. ಅದನ್ನು ಮರೆಯಲು ಎಷ್ಟು ವರ್ಷ ಬೇಕೋ ಬಲ್ಲವರಾರು! ಆದರೂ ಅಂದು ಮಧ್ಯಾಹ್ನ ಆ ಊರು ಮರೆಯಲು ಆರಂಭಿಸಿತೆಂಬುದನ್ನು ನಾನು ಕಣ್ಣಾರೆ ಕಂಡೆ.

ಜಿಲಾನಿ ಊಟ ಮುಗಿಸಿ, ಹಿಂದಿನ ದಿನ ತನ್ನನ್ನು ಕಟ್ಟಿದ್ದ ಚಾವಡಿಯಲ್ಲಿಯೇ, ಹಾಡಹಗಲಲ್ಲಿ, ಬಾಯಿ ತೆರೆದು ಗೊರಕೆ ಹೊಡೆಯುತ್ತ ಮಲಗಿಬಿಟ್ಟಿದ್ದನು. ಅವನ ಊರಿನಲ್ಲಿ ಸೇಡಿನವರು ಅವನ ದನ ಕಟ್ಟುವ ಹಕ್ಕೆಯನ್ನು ಸುಟ್ಟಿದ್ದರಂತೆ. ಪೀರಾಂಬಿ ತವರಿನಲ್ಲಿ ಕ್ಷೇಮವಾಗಿದ್ದಾಳಂತೆ. ಸುಗ್ಗಿಯವರೆಗೆ ಇಬ್ಬರೂ ಮಮದಾಪುರದಲ್ಲಿಯೇ ಇರಲಿ ಎಂದು ಹುಚ್ಚವ್ವ ತೀರ್ಮಾನಿಸಿಯಾಗಿತ್ತು. ಜಿಲಾನಿಯನ್ನು ಯಾರೂ ಇನ್ನೂ ಕೇಳಿರಲಿಲ್ಲ. ಪೀರಾಂಬಿಯನ್ನು ಕರೆತರಲು ಅಮೋಘಿಯೇ ಹೊಳೆ ದಾಟಿ ಹೋಗಬೇಕೆಂದೂ, ತಾನು ಸತ್ತಿಲ್ಲವೆಂದು ಅವಳಿಗೆ ಮುಖ ತೋರಿಸಿ ಬರಬೇಕೆಂದೂ ಹುಚ್ಚವ್ವನ ಅಪ್ಪಣೆ.

“ಹೆದರಿ ಚೀರತಾಳ ಬೇ,” ಎಂದನು ಅಮೋಘಿ.

“ಚೀರಲಿ. ಚೀರಿ ಹಗರಾಗತಾಳ.”

ನಾನು ಬೇವಿನ ಕೆಳಗೆ ಬಂದು ಗಾಲಿಯ ಪಟ್ಟೆ ಬಿಚ್ಚಿದೆ. ಕಲ್ಲನ್ನು ಒರೆಸಿ ಗೋಣಿಯಲ್ಲಿ ಸುತ್ತಿದೆ; ನೀರಿನ ತಂಬಿಗೆಯನ್ನು ಬೋರಲು ಹಾಕಿ ಒಣಗಿಸಿದೆ. ನಾಲ್ಕು ದಿನ ಇದ್ದು ಹೋಗಿರೆಂದು ಬಸಗೊಂಡಪ್ಪನವರು ಒತ್ತಾಯಿಸಿದರು. ಒಂದೂರಿನಲ್ಲಿ ಮೂರನೆಯ ಹೊತ್ತು ಉಂಡರೆ ನನ್ನ ಅಂಗಾಲು ತುರಿಸಲಾರಂಭಿಸುತ್ತದೆಂದು ಹೇಳಿ ನಾನು ನಕ್ಕೆ. ತಿಕೋಟಾದಲ್ಲಿ ಮರುದಿನ ಸಂತೆ ಇತ್ತು. ಅಲ್ಲಿಂದ ಘೋಣಸಗಿಗೆ ಹೋದರೆ ಜೋಳ ಕೊಯ್ಯುವ ಮುನ್ನ ಕುಡುಗೋಲುಗಳಿಗೆ ಬರವಿಲ್ಲ. ಗಾಲಿಯನ್ನು ಹೆಗಲಿಗೇರಿಸಿ, ಚೀಲವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡು, ಬಿಸಿಲು ಇನ್ನೂ ನೆತ್ತಿಯಿಂದ ಇಳಿಯುತ್ತಿರುವಾಗಲೇ ತಿಕೋಟಾದ ಬಂಡಿದಾರಿ ಹಿಡಿದು ನಡೆದೆ.